‘ಟ್ರ್ಯಾಕಿಂಗ್ ಇಲ್ಲ’ ಅಂತ ನಂಬಿ ಇಮೇಲ್‌ಗೆ ಒಂದು ವರ್ಷದ ದುಡ್ಡು ಕಟ್ಟಿದೆ, ನೀವು ಕಟ್ಟಬೇಡಿ

ದುಡ್ಡು ಹೋಯ್ತು, ವಾಪಸ್ ಬರುವುದಿಲ್ಲ. ಕಂಪನಿಯ ಹೆಸರು ಬರೆಯುವುದಿಲ್ಲ. ಆದರೆ ಇದೇ ಮಾತು ಹೇಳಿ ಕರೆಯುವವರು ಇನ್ನೂ ಇರುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

‘ನಿಮ್ಮ ಮೇಲ್ ನಾವೂ ಓದಲಾರೆವು, ಟ್ರ್ಯಾಕಿಂಗ್ ಇಲ್ಲವೇ ಇಲ್ಲ’ ಅಂತ ದೊಡ್ಡಕ್ಷರದಲ್ಲಿ ಹಾಕಿದ್ದರು. ನಂಬಿದೆ. ಬ್ಯಾಂಕು, ವಿಮೆ, ಆಫೀಸು, ಎಲ್ಲ ಕಡೆ ಹೊಸ ವಿಳಾಸ ಕೊಟ್ಟೆ. ಅಕ್ಕನಿಗೂ ಹೇಳಿ ಹೇಳಿ ಖಾತೆ ಮಾಡಿಸಿದೆ. ನಾಚಿಕೆಯಾಗುವುದು ಅದಕ್ಕೇ.

ಮೂರನೇ ವಾರ ಒಂದು ಬೆಳಿಗ್ಗೆ ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಖಾಲಿ ಪುಟ. ನಡುವೆ ಒಂದೇ ಸಾಲು: ‘ಈ ಬ್ರೌಸರ್‌ನಲ್ಲಿ ನಡೆಯುವುದಿಲ್ಲ, ಕ್ರೋಮ್ ಬಳಸಿ.’ ಹಿಂದಿನ ರಾತ್ರಿ ಸರಿಯಾಗಿತ್ತು! ಅಪ್‌ಡೇಟ್ ಮಾಡಿದೆ, ಕುಕಿ ಅಳಿಸಿದೆ, ಎಕ್ಸ್‌ಟೆನ್ಷನ್ ಎಲ್ಲ ತೆಗೆದೆ. ಅದೇ ಸಾಲು.

ಸಪೋರ್ಟ್‌ಗೆ ಬರೆದೆ. ಮೊದಲ ಉತ್ತರ: ‘ನಿಮ್ಮ ಬ್ರೌಸರ್ ಹಳೆಯದು.’ ಅವತ್ತೇ ಅಪ್‌ಡೇಟ್ ಆದದ್ದು, ಸ್ಕ್ರೀನ್‌ಶಾಟ್ ಕಳಿಸಿದೆ. ಎರಡನೆಯದು: ‘ಟ್ರ್ಯಾಕಿಂಗ್ ತಡೆಯುವ ಸೆಟ್ಟಿಂಗ್ ಆಫ್ ಮಾಡಿ ನೋಡಿ.’ ಟ್ರ್ಯಾಕಿಂಗ್ ಬೇಡ ಅಂತಲೇ ಅಲ್ವಾ ನಾನು ಇವರ ಹತ್ತಿರ ಬಂದದ್ದು? ಮೂರನೆಯದು: ‘ಹೆಚ್ಚಿನವರು ಕ್ರೋಮ್‌ನಲ್ಲೇ ಬಳಸುತ್ತಾರೆ. ತೊಂದರೆಗೆ ವಿಷಾದಿಸುತ್ತೇವೆ.’

ಬ್ರೌಸರ್ ಪ್ರತಿ ಸೈಟಿಗೂ ‘ನಾನು ಇಂಥವನು’ ಅಂತ ಹೇಳಿಕೊಳ್ಳುತ್ತದೆ, ಅದು ಯೂಸರ್ ಏಜೆಂಟ್. ಒಂದು ಎಕ್ಸ್‌ಟೆನ್ಷನ್ ಹಾಕಿ ಅದನ್ನು ಕ್ರೋಮ್ ಅಂತ ಬದಲಿಸಿ ರಿಫ್ರೆಶ್ ಮಾಡಿದೆ. ಇನ್‌ಬಾಕ್ಸ್ ಬಂತು! ಮೇಲ್ ಹೋಯ್ತು, ಫೈಲ್ ಅಟ್ಯಾಚ್ ಆಯ್ತು, ಹುಡುಕಾಟ ನಡೆಯಿತು. ಏನೂ ಕೆಟ್ಟಿರಲೇ ಇಲ್ಲ. ಹೆಸರು ಕೇಳಿ ಬಾಗಿಲು ಹಾಕಿದ್ದರು, ಅಷ್ಟೇ. ಆಮೇಲೆ ಬ್ರೌಸರ್‌ನ ಅಡ್ರೆಸ್ ಬಾರ್ ಪಕ್ಕದ ಗುರಾಣಿ ಚಿಹ್ನೆ ಒತ್ತಿದೆ. ಫೈರ್‌ಫಾಕ್ಸ್ ತಡೆದವರ ಪಟ್ಟಿಯಲ್ಲಿ ಒಂದು ಜಾಹೀರಾತು ಕಂಪನಿಯ ಟ್ರ್ಯಾಕರ್, ಅಂದರೆ ನಾವು ಮಾಡುವುದನ್ನು ಗಮನಿಸುವ ಕೋಡ್. ನನ್ನ ಇನ್‌ಬಾಕ್ಸ್ ಪುಟದ ಒಳಗೆ. ಕೈ ಮೌಸ್ ಮೇಲೆ ಹಾಗೇ ನಿಂತಿತು. ಮೂರು ದಿನ ಇವರ ಮಾತು ಕೇಳಿ ಸೆಟ್ಟಿಂಗ್ ತಿರುಗಿಸುತ್ತಾ ಕೂತಿದ್ದೆನಲ್ಲ!

ಸ್ಕ್ರೀನ್‌ಶಾಟ್ ಸಮೇತ ಕೇಳಿದೆ. ಅದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೆ ಮಾತ್ರ ಹತ್ತು ನಿಮಿಷದಲ್ಲಿ ಬಂತು: ‘ಏಳು ದಿನದ ಅವಧಿ ಮುಗಿದಿದೆ.’

ಸರಿ, ಮೇಲ್‌ಗಳನ್ನಾದರೂ ತೆಗೆದುಕೊಂಡು ಹೋಗೋಣ ಅಂದರೆ ಐಮ್ಯಾಪ್ ಇಲ್ಲ, ಅಂದರೆ ಬೇರೆ ಮೇಲ್ ಆ್ಯಪ್‌ನಿಂದ ಖಾತೆ ತೆರೆಯುವ ದಾರಿ. ಥಂಡರ್‌ಬರ್ಡ್‌ನಂಥ ಮೇಲ್ ಆ್ಯಪ್‌ಗೆ ಸೇರಿಸಲು ಆಗುವುದಿಲ್ಲ. ತಾವೂ ಓದಲಾಗದಂತೆ ಮೇಲ್‌ಗೆ ನಿಜವಾಗಿ ಬೀಗ ಹಾಕಿಡುವವರಿಗೆ (ಎನ್‌ಕ್ರಿಪ್ಟ್) ಐಮ್ಯಾಪ್ ನೇರವಾಗಿ ಕೊಡುವುದು ಕಷ್ಟ, ಒಪ್ಪುತ್ತೇನೆ. ಅದಕ್ಕೇ ಇಂಥದೇ ಮೇಲ್ ಕೊಡುವ ಪ್ರೋಟಾನ್‌ನವರು ದುಡ್ಡು ಕೊಟ್ಟ ಖಾತೆಗಳಿಗೆ, ನಮ್ಮ ಕಂಪ್ಯೂಟರಿನಲ್ಲೇ ಬೀಗ ತೆಗೆದು ಆ ಆ್ಯಪ್‌ಗೆ ಮೇಲ್ ದಾಟಿಸುವ ಬ್ರಿಡ್ಜ್ ಅಂತ ಬೇರೆ ಸಾಫ್ಟ್‌ವೇರ್ ಕೊಡುತ್ತಾರೆ. ಇಲ್ಲಿ ಅದೂ ಇಲ್ಲ, ಒಟ್ಟಿಗೆ ಇಳಿಸಿಕೊಳ್ಳುವ ಬಟನ್ನೂ ಇಲ್ಲ. ‘ಮುಂದೆ ಬರಲಿದೆ’ ಅಂದರು.

ದುಡ್ಡು ಕಟ್ಟುವ ಮೊದಲು ಫೈರ್‌ಫಾಕ್ಸ್‌ನಲ್ಲೋ ಸಫಾರಿಯಲ್ಲೋ ತೆರೆದು ನೋಡಿ. ಕ್ರೋಮ್, ಎಡ್ಜ್, ಬ್ರೇವ್ ಮೂರರಲ್ಲೂ ನೋಡಿ ಸಮಾಧಾನ ಪಡಬೇಡಿ, ಮೂರರ ಒಳಗಿನ ಬುನಾದಿ ಒಂದೇ, ಕ್ರೋಮಿಯಂ. ಮೊದಲ ದಿನವೇ ಆ ಗುರಾಣಿ ಒತ್ತಿ. ಮೇಲ್ ಎಲ್ಲ ಹೊರಗೆ ತೆಗೆಯುವ ದಾರಿ ಇದೆಯಾ ಅಂತ ಮಾಡಿಯೇ ನೋಡಿ, ಕೇಳಿ ಅಲ್ಲ. ವರ್ಷದ ದುಡ್ಡು ಒಟ್ಟಿಗೆ ಕೊಡಲೇಬೇಡಿ.

ಅಕ್ಕನ ಮೇಲ್‌ಗಳನ್ನು ರಾತ್ರಿ ಕೂತು ಒಂದೊಂದಾಗಿ ಇಳಿಸುತ್ತಿದ್ದೇನೆ. 212 ಆಗಿವೆ, ಇನ್ನೂ ಬೇಕಾದಷ್ಟಿವೆ.