ಕೂಸಿನ ಚಲನೆಯನ್ನು ಆಧರಿಸಿದ ಪುನಶ್ಚೇತನ ವ್ಯಾಯಾಮ: ಖೋ ಖೋ ಆಡಿದ ಬೆನ್ನಿಗೆ ಎಷ್ಟು ಉಪಯೋಗ?

ಮೈಸೂರಿನ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ಎರಡು ವರ್ಷಕ್ಕೂ ಮಿಕ್ಕಿ ನಾನು ಪಡೆಯುತ್ತಿರುವ ಚಿಕಿತ್ಸೆಯ ವಿಮರ್ಶೆ ಇದು. ಚಿಕಿತ್ಸೆಯ ಹೆಸರು ಡೈನಮಿಕ್ ನ್ಯೂರೋಮಸ್ಕ್ಯುಲರ್ ಸ್ಟೆಬಿಲೈಸೇಶನ್, ಚಿಕ್ಕದಾಗಿ ಡಿಎನ್‌ಎಸ್. ಕೂಸು ಅಂಗಾತ ಮಲಗಿ ಕಾಲೆತ್ತುವುದರಿಂದ ಹಿಡಿದು, ಬೋರಲು ಬಿದ್ದು, ಅಂಬೆಗಾಲಿಟ್ಟು, ಕೊನೆಗೆ ಕುಕ್ಕರಗಾಲಿನಿಂದ ಎದ್ದು ನಿಲ್ಲುವವರೆಗೆ ಮೊದಲ ವರ್ಷದಲ್ಲಿ ದಾಟುವ ಭಂಗಿಗಳನ್ನೇ ಗಾಯಗೊಂಡ ಕ್ರೀಡಾಪಟುಗಳಿಗೆ ವ್ಯಾಯಾಮವಾಗಿ ಕೊಡುವುದು ಇದರ ವಿಶೇಷ. ಕೇಂದ್ರದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನನ್ನ ಮೆಚ್ಚುಗೆ, ಆಕ್ಷೇಪ ಎರಡೂ ಪದ್ಧತಿಗೇ ಹೆಚ್ಚು ಸಂಬಂಧಿಸಿದವು.

ನಾನು ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕಿ. ಕಾಲೇಜಿನ ದಿನಗಳಲ್ಲಿ ಖೋ ಖೋ ಆಡಿದವಳು. ಸಾಂಪ್ರದಾಯಿಕ ಆಟದಲ್ಲಿ ಅಟ್ಟುವ ತಂಡದ ಎಂಟು ಮಂದಿ ಚೌಕಗಳಲ್ಲಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖಮಾಡಿ ಕುಳಿತಿರುತ್ತಾರೆ. ಬೆನ್ನಿಗೆ ‘ಖೋ’ ಬಿದ್ದ ಕೂಡಲೇ ಮಡಚಿದ ಮಂಡಿಯಿಂದ ನೇರವಾಗಿ ಓಟಕ್ಕೆ ಚಿಮ್ಮಬೇಕು, ಕಂಬದ ಬಳಿ ಮೈಯನ್ನು ಬಳುಕಿಸಿ ತಿರುಗಬೇಕು. ವರ್ಷಗಟ್ಟಲೆ ಹೀಗೆ ಆಡಿ, ಆಮೇಲೆ ಆಡಿಸಿ, ಸೊಂಟದ ನಾಲ್ಕು ಮತ್ತು ಐದನೆಯ ಕಶೇರುಗಳ ನಡುವಿನ ಡಿಸ್ಕ್ ಉಬ್ಬಿಕೊಂಡಿತ್ತು. ಶಸ್ತ್ರಚಿಕಿತ್ಸೆ ಬೇಕಿಲ್ಲ, ವ್ಯಾಯಾಮ ಸಾಕು ಎಂದು ಮೂಳೆ ವೈದ್ಯರು ಹೇಳಿದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಅಂದಿನಿಂದ ಶಾಲೆಯ ಹುಡುಗಿಯರು ಮೈದಾನ ಬಿಟ್ಟು ಬರುವುದೇ ಇಲ್ಲ, ಹಾಗಾಗಿ ದೂರದಲ್ಲಿ ನಿಂತು ಸೀಟಿ ಊದುವ ಶಿಕ್ಷಕಿಯಾಗಿ ಉಳಿಯುವ ಅನುಕೂಲವೂ ನನಗಿರಲಿಲ್ಲ.

ಪದ್ಧತಿಯ ಬೇರು ಜೆಕ್ ದೇಶದ ಪ್ರಾಗ್ ನಗರದಲ್ಲಿದೆ. ಅಲ್ಲಿನ ನರರೋಗ ತಜ್ಞ ವಾಕ್ಲಾವ್ ವೊಯ್ಟಾ ಅವರು 1950ರ ದಶಕದಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ಹಾನಿಯಿಂದ ಚಲನೆ ಕುಂಠಿತವಾಗುವ ಸ್ಥಿತಿ) ಇದ್ದ ಮಕ್ಕಳಿಗೆ ಚಿಕಿತ್ಸೆ ನೀಡುತ್ತಿದ್ದಾಗ, ಮಗುವನ್ನು ನಿರ್ದಿಷ್ಟ ಭಂಗಿಯಲ್ಲಿ ಮಲಗಿಸಿ ಮೈಯ ಕೆಲವು ಜಾಗಗಳನ್ನು ಒತ್ತಿದರೆ ತೆವಳುವ ಮತ್ತು ಹೊರಳುವ ಚಲನೆಗಳು ತಾವಾಗಿಯೇ ಹೊಮ್ಮುವುದನ್ನು ಗಮನಿಸಿದರು. ದೊಡ್ಡವರ ಸ್ನಾಯುಗಳ ಅಸಮತೋಲನವನ್ನು ಅದೇ ನಗರದಲ್ಲಿ ವ್ಲಾಡಿಮಿರ್ ಯಾಂಡಾ ಮತ್ತು ಕಾರೆಲ್ ಲೆವಿಟ್ ಅಭ್ಯಾಸ ಮಾಡುತ್ತಿದ್ದರು. ಈ ಎಲ್ಲ ಎಳೆಗಳನ್ನು ಕೂಡಿಸಿ ಡಿಎನ್‌ಎಸ್‌ಗೆ ರೂಪ ಕೊಟ್ಟವರು ಫಿಸಿಯೋಥೆರಪಿಸ್ಟ್ ಪಾವೆಲ್ ಕೋಲಾರ್.

ಮೊದಲ ಹಂತವೇ ಈ ಸೇವೆಯ ಅತ್ಯುತ್ತಮ ಭಾಗ ಎಂಬುದು ನನ್ನ ಅಭಿಪ್ರಾಯ. ಮೂರು ತಿಂಗಳ ಕೂಸಿನಂತೆ ಅಂಗಾತ ಮಲಗಬೇಕು. ಸೊಂಟ ಮತ್ತು ಮಂಡಿ ಎರಡೂ ಲಂಬ ಕೋನದಲ್ಲಿರುವಂತೆ ಮೀನಖಂಡಗಳನ್ನು ಕುರ್ಚಿಯ ಮೇಲಿಡಬೇಕು. ಕತ್ತಿನ ಹಿಂಭಾಗ ನೀಳವಾಗಿರಬೇಕು, ಪಕ್ಕೆಲುಬುಗಳು ಮೇಲಕ್ಕೆ ಉಬ್ಬಬಾರದು. ತೊಡೆಸಂದಿಗಿಂತ ಸ್ವಲ್ಪ ಮೇಲೆ, ಸೊಂಟದ ಮೂಳೆಯ ಒಳಬದಿಯಲ್ಲಿ ಬೆರಳಿಟ್ಟುಕೊಂಡು, ಒಳಗೆಳೆದ ಉಸಿರು ಆ ಬೆರಳುಗಳನ್ನು ಹೊರಕ್ಕೆ ತಳ್ಳುವಂತೆ ಮಾಡಬೇಕು. “ಮೇಡಂ, ಉಸಿರು ಎದೆಗೆ ಬೇಡ, ಕಿಬ್ಬೊಟ್ಟೆಗೂ ಬೆನ್ನಿನ ಕಡೆಗೂ ಕಳಿಸಿ” ಎಂದು ಚಿಕಿತ್ಸಕರು ಹೇಳುತ್ತಿದ್ದುದು ಮೊದಮೊದಲು ವಿಚಿತ್ರವಾಗಿ ಕೇಳಿಸಿತು, ಏಕೆಂದರೆ ಹೊಟ್ಟೆಯನ್ನು ಒಳಗೆಳೆದು ಎದೆ ಸೆಟೆಸಿ ನಿಲ್ಲುವುದನ್ನೇ ನಾವು ಮಕ್ಕಳಿಗೆ ಸಾವಧಾನದಲ್ಲಿ ಕಲಿಸುವುದು. ಇದರ ಹಿಂದಿನ ತರ್ಕ ಇಷ್ಟು: ಎದೆಗೂ ಹೊಟ್ಟೆಗೂ ನಡುವಿನ ಪರದೆಯಂಥ ಸ್ನಾಯುವಾದ ವಪೆ (ಡಯಾಫ್ರಂ) ಕೇವಲ ಉಸಿರಾಟದ ಸ್ನಾಯುವಲ್ಲ. ಅದು ಕೆಳಗಿಳಿದಾಗ ಹೊಟ್ಟೆಯ ಸುತ್ತಲಿನ ಸ್ನಾಯುಗಳು ಮತ್ತು ಶ್ರೋಣಿಯ ತಳದ ಸ್ನಾಯುಗಳು ಹದವಾಗಿ ತಡೆದು ನಿಂತರೆ ಹೊಟ್ಟೆಯೊಳಗೆ ಒತ್ತಡ ಹುಟ್ಟುತ್ತದೆ, ಆ ಒತ್ತಡ ಬೆನ್ನುಮೂಳೆಗೆ ಮುಂದಿನಿಂದ ಆಸರೆ ಕೊಡುತ್ತದೆ. ಈ ಹೊಂದಾಣಿಕೆ ಕುದುರಿದ ಮೇಲೆಯೇ, ನಾಲ್ಕೂವರೆ ತಿಂಗಳ ಹೊತ್ತಿಗೆ, ಮಗು ಕಾಲುಗಳನ್ನೆತ್ತಿ ಆಟಿಕೆಗೆ ಕೈಚಾಚುತ್ತದೆ ಎಂದು ಈ ಪದ್ಧತಿಯವರು ವಿವರಿಸುತ್ತಾರೆ.

ಇದು ಬರಿಯ ಊಹೆಯಲ್ಲ ಎಂಬುದಕ್ಕೆ ಒಂದಿಷ್ಟು ಆಧಾರವೂ ಇದೆ. ಕೋಲಾರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹುಕಾಲದ ಸೊಂಟನೋವಿದ್ದ 18 ಮಂದಿಯನ್ನೂ ಆರೋಗ್ಯವಂತರಾದ 29 ಮಂದಿಯನ್ನೂ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಕೈಕಾಲುಗಳಿಗೆ ಪ್ರತಿರೋಧ ಒಡ್ಡಿ ನೋಡಿದಾಗ, ನೋವಿದ್ದವರ ವಪೆಯ ಚಲನೆ ಕಡಿಮೆಯಿದ್ದುದು ಕಂಡುಬಂತು. ಅಧ್ಯಯನ ಚಿಕ್ಕದು, ನೋವಿನಿಂದ ವಪೆ ಬಿಗಿಯಿತೋ, ವಪೆ ಬಿಗಿದು ನೋವು ಬಂತೋ ಎಂಬುದನ್ನು ಅದು ತೀರ್ಮಾನಿಸಲಾರದು. ಆದರೂ ನನ್ನ ಮಟ್ಟಿಗೆ, ಬೆಳಗ್ಗೆ ಹಾಸಿಗೆಯಿಂದ ಏಳುವಾಗಿನ ಹಿಡಿತ ಮೊದಲು ಸಡಿಲವಾದದ್ದು ಈ ಉಸಿರಿನ ಅಭ್ಯಾಸದಿಂದಲೇ.

ಆಮೇಲಿನ ಹಂತಗಳಲ್ಲಿ ಮೊಣಕೈಗಳ ಮೇಲೆ ಭಾರ ಹಾಕಿ ಬೋರಲು ಮಲಗುವುದು, ಕೈಕಾಲುಗಳನ್ನು ಬೀಸದೆ ಮಗ್ಗುಲಿಗೆ ಹೊರಳುವುದು, ಒಂದು ಮೊಣಕೈ ಊರಿ ಓರೆಯಾಗಿ ಕೂರುವುದು, ಅಂಬೆಗಾಲು, ಮಂಡಿ ನೆಲಕ್ಕೆ ತಾಗದ ಕರಡಿ ನಡಿಗೆ ಇವೆಲ್ಲ ಬರುತ್ತವೆ. ಗರಡಿ ಮನೆಯ ದಂಡ, ಬಸ್ಕಿ ನೋಡಿ ಬೆಳೆದ ಮೈಸೂರಿನವರಿಗೆ ಕರಡಿ ನಡಿಗೆ ಹೊಸತೆನಿಸದು. ಇಲ್ಲಿ ಎಣಿಕೆ ಮುಖ್ಯವಲ್ಲ, ಉಸಿರು ಕಟ್ಟದೆ ನಿಧಾನವಾಗಿ ಭಾರವನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ದಾಟಿಸುವುದು ಮುಖ್ಯ. ನನಗೆ ಎಲ್ಲಕ್ಕಿಂತ ಉಪಯುಕ್ತವಾದದ್ದು ಸುಮಾರು ಒಂದು ವರ್ಷದ ಮಗುವಿನ ಕುಕ್ಕರಗಾಲು. ಹಿಮ್ಮಡಿ ನೆಲ ಬಿಡದೆ, ಮಂಡಿಗಳು ಒಳಕ್ಕೆ ವಾಲದೆ, ಸೊಂಟ ಕುಸಿಯದೆ ಕೂತು ಏಳುವುದನ್ನು ಕಲಿತ ಮೇಲೆ ಚೌಕದಿಂದ ಚಿಮ್ಮುವ ಕ್ರಮವೇ ಬದಲಾಯಿತು. ಮೊದಲು ನಾನು ಬೆನ್ನಿನಿಂದ ಏಳುತ್ತಿದ್ದೆ, ಈಗ ತೊಡೆ ಮತ್ತು ಪೃಷ್ಠದ ಬಲದಿಂದ ಏಳುತ್ತೇನೆ.

ಇನ್ನು ಆಕ್ಷೇಪಗಳು. ಕೇಂದ್ರದ ಗೋಡೆಯಲ್ಲಿ ತಿಂಗಳಿಗೊಂದು ಭಂಗಿಯ ಪಟವಿದೆ. ಈ ಆದರ್ಶ ಕ್ರಮ ಪ್ರತಿ ಮಗುವಿನ ಮಿದುಳಿನಲ್ಲೂ ಹುಟ್ಟಿನಿಂದಲೇ ಬರೆದಿದೆ, ದೊಡ್ಡವರು ಅದನ್ನು ಮರೆತಿದ್ದಾರೆ, ನಾವು ನೆನಪಿಸುತ್ತೇವೆ ಎಂದು ಹೇಳಿಕೊಡುತ್ತಾರೆ. ಮಕ್ಕಳ ಬೆಳವಣಿಗೆಯ ಅಧ್ಯಯನಗಳು ಇಷ್ಟು ಅಚ್ಚುಕಟ್ಟಾದ ಚಿತ್ರ ಕೊಡುವುದಿಲ್ಲ. ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆಸರೆಯಿಲ್ಲದೆ ನಡೆಯುವ ವಯಸ್ಸು 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿಕೊಂಡಿದೆ, ಶೇ 4.3ರಷ್ಟು ಮಕ್ಕಳಲ್ಲಿ ಅಂಗೈ ಮತ್ತು ಮಂಡಿಯೂರಿ ಅಂಬೆಗಾಲಿಡುವ ಹಂತವೇ ಕಾಣಲಿಲ್ಲ. ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆಯಾದ ಸಿಡಿಸಿ 2022ರಲ್ಲಿ ಪರಿಷ್ಕರಿಸಿದ ಬೆಳವಣಿಗೆಯ ಪಟ್ಟಿಯಿಂದ ಅಂಬೆಗಾಲನ್ನು ಕೈಬಿಟ್ಟಿದೆ. ನವಜಾತ ಶಿಶುವನ್ನು ಎತ್ತಿ ಹಿಡಿದಾಗ ಕಾಣುವ ಹೆಜ್ಜೆ ಹಾಕುವ ಚಲನೆ ಕೆಲವೇ ತಿಂಗಳಲ್ಲಿ ಮರೆಯಾಗುವುದನ್ನು ಮಿದುಳಿನ ಬೆಳವಣಿಗೆಯ ಫಲವೆಂದು ಬಹುಕಾಲ ನಂಬಲಾಗಿತ್ತು. ಮನಶ್ಶಾಸ್ತ್ರಜ್ಞೆ ಎಸ್ತರ್ ಥೆಲೆನ್ ಮತ್ತು ಸಂಗಡಿಗರು 1984ರಲ್ಲಿ ಅಂಥ ಮಕ್ಕಳ ಕಾಲುಗಳನ್ನು ನೀರಿನಲ್ಲಿ ಇಳಿಬಿಟ್ಟು ನೋಡಿದಾಗ ಹೆಜ್ಜೆಗಳು ಹೆಚ್ಚಿದವು. ಕಾಲಿನ ತೂಕಕ್ಕೆ ತಕ್ಕ ಬಲ ಇರದಿದ್ದುದೂ ಒಂದು ಕಾರಣವಾಗಿತ್ತು ಎಂದಾಯಿತು. ನಡೆಯಲು ಕಲಿಯುತ್ತಿರುವ ಮಕ್ಕಳು ಆಟದ ನಡುವೆ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತಾರೆ, 17 ಬಾರಿ ಬೀಳುತ್ತಾರೆ ಎಂದು ಮನಶ್ಶಾಸ್ತ್ರಜ್ಞೆ ಕ್ಯಾರನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಎಣಿಸಿ ತೋರಿಸಿದರು. ಅಂದರೆ ಕೂಸಿನಿಂದ ಕಲಿಯಬೇಕಾದದ್ದು ಒಂದೇ ಒಂದು ಶುದ್ಧ ಭಂಗಿಯನ್ನಲ್ಲ. ನೆಲದ ಆಸರೆ, ಲೆಕ್ಕವಿಲ್ಲದಷ್ಟು ಪ್ರಯತ್ನ, ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ ಮಾಡುವ ಸ್ವಾತಂತ್ರ್ಯ, ಬಲ ಬಂದಂತೆ ಏರುವ ಭಾರ ಇವುಗಳನ್ನು. ಚಿಕಿತ್ಸಕರು ಹೆಬ್ಬೆರಳಿನ ಕೋನವನ್ನೂ ತಿದ್ದುತ್ತಾ ಕೂತ ದಿನಗಳಿಗಿಂತ, ಅಭ್ಯಾಸವನ್ನು ನನ್ನ ಪಾಡಿಗೆ ಬಿಟ್ಟ ದಿನಗಳಲ್ಲಿ ನಾನು ಹೆಚ್ಚು ಕಲಿತೆ.

ಎರಡನೆಯ ಕೊರತೆ ಭಾರದ್ದು, ಕ್ರೀಡಾಪಟುವಿನ ದೃಷ್ಟಿಯಿಂದ ಇದು ದೊಡ್ಡದು. ನೆಲದ ಮೇಲಿನ ವ್ಯಾಯಾಮ ಎಷ್ಟೇ ಚೆನ್ನಾಗಿದ್ದರೂ ಓಟ, ನೆಗೆತ, ಹಠಾತ್ ತಿರುವುಗಳ ಬಲಕ್ಕೆ ಮೂಳೆ ಮತ್ತು ಸ್ನಾಯುಗಳನ್ನು ಅದೊಂದೇ ಸಿದ್ಧಗೊಳಿಸದು. ಬಹುಕಾಲದ ಸೊಂಟನೋವಿನಲ್ಲಿ ಚಲನೆಯ ನಿಯಂತ್ರಣಕ್ಕೆ ಒತ್ತು ಕೊಡುವ ವ್ಯಾಯಾಮಗಳು ಇತರ ವ್ಯಾಯಾಮಗಳಿಗಿಂತ ಗಣನೀಯವಾಗಿ ಮೇಲೇನಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಾಮರ್ಶೆ ಹೇಳಿದೆ. ಆದ್ದರಿಂದ ಇದೊಂದೇ ದಾರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಒತ್ತಾಯದ ಮೇಲೆ ಚಿಕಿತ್ಸಕರು ಕೆಟಲ್‌ಬೆಲ್ (ಹಿಡಿಯಿರುವ ಕಬ್ಬಿಣದ ಗುಂಡು) ಸೇರಿಸಿದರು. ಅಂಗಾತ ಮಲಗಿ ಒಂದು ಕೈಯಲ್ಲಿ ಭಾರ ಎತ್ತಿ ಹಿಡಿದು, ಮೊಣಕೈ, ಅಂಗೈ, ಒಂದು ಮಂಡಿ ಹೀಗೆ ಆಸರೆ ಬದಲಿಸುತ್ತ ಎದ್ದು ನಿಲ್ಲುವ ಟರ್ಕಿಶ್ ಗೆಟ್ ಅಪ್‌ನಲ್ಲಿ ಕೂಸಿನ ಓರೆ ಕೂರುವಿಕೆಯೂ ಇದೆ, ದೊಡ್ಡವರಿಗೆ ಬೇಕಾದ ಭಾರವೂ ಇದೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತುವುದು ನನಗೆ ಮೊದಲಿನಿಂದಲೂ ಕಷ್ಟವಾಗಿರಲಿಲ್ಲ. ಇಳಿಯುವಾಗ ಸೊಂಟ ಹಿಡಿಯುತ್ತಿತ್ತು. ಅದು ನಿಂತದ್ದು ಈ ಭಾರದ ಅಭ್ಯಾಸ ಶುರುವಾದ ಮೇಲೆ.

ಸೇವೆಯ ಮಟ್ಟದ ಬಗ್ಗೆ ಹೇಳುವುದಾದರೆ, ಒಂದು ಭೇಟಿಗೆ ತಗಲುವ ಶುಲ್ಕ ಸಾಮಾನ್ಯ ಫಿಸಿಯೋಥೆರಪಿಯ ಶುಲ್ಕಕ್ಕಿಂತ ಹೆಚ್ಚು, ಆದರೆ ಯಂತ್ರ ಹಚ್ಚಿ ಬಿಟ್ಟುಹೋಗದೆ ಪೂರ್ತಿ ಹೊತ್ತು ಜೊತೆಯಲ್ಲೇ ಇರುತ್ತಾರೆ. ನಮ್ಮದೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಡುವುದರಿಂದ ಮನೆಯಲ್ಲಿ ಅಭ್ಯಾಸ ಮಾಡುವುದು ಸುಲಭ. ಚಿಕಿತ್ಸಕರು ಪದೇ ಪದೇ ಬದಲಾಗುತ್ತಾರೆ. ಹೊಸಬರು ಬಂದಾಗಲೆಲ್ಲ ಮತ್ತೆ ಮೂರು ತಿಂಗಳ ಕೂಸಿನಿಂದಲೇ ಆರಂಭ, ಅದಕ್ಕೂ ಪೂರ್ಣ ಶುಲ್ಕ. ಒಟ್ಟಿಗೆ ಹಲವು ಭೇಟಿಗಳ ಪ್ಯಾಕೇಜ್ ಕೊಳ್ಳಿ ಎಂದು ಒತ್ತಾಯಿಸುವುದೂ ನನಗೆ ಹಿಡಿಸಲಿಲ್ಲ. ಸೇರುವವರು ಎರಡು ಪ್ರಶ್ನೆಗಳನ್ನು ಮೊದಲೇ ಕೇಳಬೇಕು. ಡಿಎನ್‌ಎಸ್ ಕಲಿಸುವ ಪ್ರಾಗ್‌ನ ಸಂಸ್ಥೆಯ ತರಬೇತಿಯಲ್ಲಿ ಎ ಯಿಂದ ಡಿ ವರೆಗಿನ ಹಂತಗಳಿದ್ದು, ನಿಮ್ಮ ಚಿಕಿತ್ಸಕರು ಎಲ್ಲಿಯವರೆಗೆ ಮುಗಿಸಿದ್ದಾರೆ ಎಂಬುದು ಒಂದು. ನೆಲದ ವ್ಯಾಯಾಮದಿಂದ ಮೈದಾನಕ್ಕೆ ಮರಳಿಸುವ ಯೋಜನೆ ಬರಹದಲ್ಲಿ ಇದೆಯೇ ಎಂಬುದು ಇನ್ನೊಂದು. ಈ ಎರಡನೆಯದಕ್ಕೆ ನನ್ನ ಕೇಂದ್ರದಲ್ಲಿ ಉತ್ತರವಿರಲಿಲ್ಲ. ಕಾಲಿಗೆ ಜೋಮು ಇಳಿಯುವವರು, ಮೂತ್ರ ವಿಸರ್ಜನೆಯ ಹಿಡಿತ ತಪ್ಪಿದವರು ಇದಕ್ಕೆಲ್ಲ ಕಾಯದೆ ಮೊದಲು ವೈದ್ಯರನ್ನು ಕಾಣಬೇಕು.

ನಾನು ಈಗ ಪ್ಯಾಕೇಜ್ ನಿಲ್ಲಿಸಿ, ಕೆಲವು ತಿಂಗಳಿಗೊಮ್ಮೆ ಒಂದು ಭೇಟಿಗೆ ಮಾತ್ರ ಹಣ ಕೊಟ್ಟು ತಪಾಸಣೆ ಮಾಡಿಸಿಕೊಳ್ಳುತ್ತೇನೆ. ಉಸಿರಿನ ಅಭ್ಯಾಸವನ್ನೂ ಕುಕ್ಕರಗಾಲನ್ನೂ ಶಾಲೆಯ ಖೋ ಖೋ ತಂಡದ ವಾರ್ಮ್ ಅಪ್‌ಗೆ ಸೇರಿಸಿದ್ದೇನೆ. ಉಳಿದ ಭಂಗಿಗಳನ್ನು ಆ ಹುಡುಗಿಯರಿಗೆ ಹೇಳಿಕೊಡುವ ಅಗತ್ಯ ನನಗೆ ಕಂಡಿಲ್ಲ.