ಸಬ್‌ಮರೀನ್ ಕಿಟ್‌ನ ಸೀಳು ಬಿಡಿಸೋಕೆ ಡ್ರಿಲ್ಲಾ, ಒಳಗಿಂದ ಕೆರೆಯೋದಾ, ಹಿತ್ತಾಳೆ ತಗಡಾ?

ಎರಡನೇ ಮಹಾಯುದ್ಧದ ಜರ್ಮನಿಯ ಟೈಪ್ 7ಸಿ ಸಬ್‌ಮರೀನಿನ ಪ್ಲಾಸ್ಟಿಕ್ ಮಾಡೆಲ್ ಕಿಟ್ಟನ್ನ ಬಾಕ್ಸಿಂದ ತೆಗೆದು ಹಾಗೇ ಅಂಟಿಸಿದ್ರೆ ಪಕ್ಕದಲ್ಲಿರೋ ನೀರಿನ ಸೀಳುಗಳ ಹತ್ರ ಅದು ಪಕ್ಕಾ ಆಟದ ಸಾಮಾನು ಥರ ಕಾಣತ್ತೆ, ಯಾಕಂದ್ರೆ ನಾನು ತಗೊಂಡ 1/144 (ಅಂದ್ರೆ ಅಸಲಿ ಬೋಟಿನ 144ನೇ ಒಂದು ಭಾಗದ ಅಳತೆ) ಕಿಟ್‌ನಲ್ಲಿ ಅವು ಬರೀ ತಗ್ಗು, ಆರಪಾರ ತೂತಲ್ಲ. ನಿಜವಾದ ಬೋಟಲ್ಲಿ ಒಳಗಿನ ಪ್ರೆಷರ್ ಹಲ್ (ಜನ ಇರೋ, ನೀರಿನ ಒತ್ತಡ ತಡೆಯೋ ಗಟ್ಟಿ ಒಡಲು) ಬೇರೆ, ಡೆಕ್ ಹೊತ್ಕೊಂಡಿರೋ ಹೊರಗಿನ ತಗಡಿನ ಹೊದಿಕೆ ಬೇರೆ. ಮುಳುಗೋವಾಗ ಈ ಎರಡರ ಮಧ್ಯದ ಜಾಗಕ್ಕೆ ನೀರು ನುಗ್ಗಿ ಗಾಳಿ ಹೊರಗೆ ಹೋಗ್ಬೇಕು, ಸುಮಾರು 30 ಸೆಕೆಂಡಲ್ಲಿ ನೀರೊಳಗೆ ಇಳಿಯೋ ಬೋಟಿಗೆ ಆ ಸೀಳುಗಳೇ ದಾರಿ. ಅದಕ್ಕೇ ನಂಗೆ ಇವನ್ನ ಬಿಡಿಸದೆ ಮುಂದೆ ಹೋಗೋಕೆ ಮನಸ್ಸೇ ಬರಲ್ಲ. ಎರಡು ಕಿಟ್ ತಗೊಂಡು ಮೂರು ಥರ ಮಾಡಿ ನೋಡ್ದೆ.

ಮೊದಲ ಕಿಟ್‌ನ ಎಡಗಡೆ ಡ್ರಿಲ್. 0.5 ಮಿ.ಮೀ. ಬಿಟ್ ಕೈಯಲ್ಲೇ ತಿರುಗಿಸಿ ಒಂದೊಂದು ಸೀಳಿಗೆ ಎರಡೆರಡು ತೂತು, ಆಮೇಲೆ ಮಧ್ಯದ ಪ್ಲಾಸ್ಟಿಕ್ಕನ್ನ ಚೂಪು ಬ್ಲೇಡಲ್ಲಿ ಕೊಯ್ಯೋದು. ನಾಲ್ಕು ಸಂಜೆ ಹಿಡೀತು. ಕೈಗೆ ರೂಢಿ ಆಗೋ ಅಷ್ಟರಲ್ಲಿ ಎರಡು ಕಡೆ ಸೀಳುಗಳ ನಡುವಿನ ಸಣ್ಣ ಪಟ್ಟಿ ಮುರಿದು ಎರಡು ಸೀಳು ಒಂದಾಗಿಬಿಟ್ವು, ತೆಳು ಪ್ಲಾಸ್ಟಿಕ್ ಚೂರು ಅಂಟಿಸಿ ಸರಿ ಮಾಡ್ದೆ. ಆದ್ರೆ ಅಸಲಿ ತೊಂದ್ರೆ ಅದಲ್ಲ, ದಪ್ಪ. ನೇರ ನೋಡಿದ್ರೆ ಚೆನ್ನಾಗೇ ಇದೆ, ಸ್ವಲ್ಪ ಓರೆಯಾಗಿ ನೋಡಿದ್ರೆ ಗೋಡೆ ಕಾಣತ್ತೆ. ಲೆಕ್ಕ ಹಾಕಿ, 1.5 ಮಿ.ಮೀ. ಪ್ಲಾಸ್ಟಿಕ್ಕನ್ನ 144ರಿಂದ ಗುಣಿಸಿದ್ರೆ 21.6 ಸೆಂ.ಮೀ.! ಆ ಬೋಟಿನ ಪ್ರೆಷರ್ ಹಲ್ಲೇ 18.5 ಮಿ.ಮೀ. ಇತ್ತು, ಹೊರಗಿನ ಹೊದಿಕೆ ಅದಕ್ಕಿಂತ ತೆಳು.

ಅದೇ ಕಿಟ್‌ನ ಬಲಗಡೆ ಹೊರಗಿಂದ ಮುಟ್ಟಲೇ ಇಲ್ಲ, ಒಳಗಿಂದ ಕೆರೆದೆ. ಮೊದಲು ಮೋಟಾರ್ ಟೂಲ್, ತುಂಬಾ ನಿಧಾನದ ಸ್ಪೀಡಲ್ಲಿ, ಜೋರು ಮಾಡಿದ್ರೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೇ ಮೆತ್ಕೊಳ್ಳತ್ತೆ. ಅಷ್ಟಷ್ಟು ಕೆರೆದು ಬಲ್ಬಿಗೆ ಹಿಡಿದು ನೋಡ್ತಿದ್ದೆ, ಸುತ್ತ ಎಲ್ಲಾ ಕಪ್ಪಗೆ ಇದ್ದು ಸೀಳಿನ ಜಾಗ ಮಾತ್ರ ಹಾಲಿನ ಬಣ್ಣಕ್ಕೆ ಬೆಳಕು ಬಿಡೋಕೆ ಶುರು ಆಗತ್ತೆ, ಅಲ್ಲಿಗೆ ಮೋಟಾರ್ ನಿಲ್ಲಿಸಿ 400 ನಂಬರ್ ಸ್ಯಾಂಡ್ ಪೇಪರ್ ಹಿಡೀಬೇಕು. ಉಜ್ಜತಾ ಉಜ್ಜತಾ ಸೀಳುಗಳು ಒಂದರ ಹಿಂದೆ ಒಂದು ತಾವಾಗೇ ಬಿಟ್ಕೋತವೆ, ಅಂಚು ಅಚ್ಚಲ್ಲಿ ಹೇಗೆ ಬಂದಿದ್ಯೋ ಹಾಗೇ ಚೂಪಾಗಿರತ್ತೆ. ಅದನ್ನ ನೋಡೋ ಖುಷಿನೇ ಬೇರೆ. ಮೂತಿ ಹತ್ರ ಒಂದು ಕಡೆ ಜಾಸ್ತಿ ಕೆರೆದು ತೂತೇ ಆಯ್ತು, ಪುಟ್ಟಿ ಹಾಕಿ ಮುಚ್ಚಬೇಕಾಯ್ತು. ಇನ್ನೊಂದು ವಿಷ್ಯ, ತೆಳು ಆದ ಗೋಡೆ ಒತ್ತಿದ್ರೆ ಬಗ್ಗತ್ತೆ, ಹಲ್‌ನ (ಬೋಟಿನ ಒಡಲಿನ) ಎರಡು ಭಾಗ ಅಂಟಿಸೋ ಮೊದ್ಲು ಸೀಳುಗಳ ಮೇಲೆ ಕೆಳಗೆ ಒಳಗಡೆಯಿಂದ ಪ್ಲಾಸ್ಟಿಕ್ ಪಟ್ಟಿ ಆಸರೆ ಕೊಡಿ.

ಎರಡನೇ ಕಿಟ್ಟಿಗೆ ಫೋಟೋ ಎಚ್ ಹಿತ್ತಾಳೆ ತಗಡು, ಅಂದ್ರೆ ರಾಸಾಯನಿಕದಲ್ಲಿ ಕೊರೆದು ಸೀಳು ಮಾಡಿರೋ ತೆಳು ತಗಡು. ದಪ್ಪದ ವಿಚಾರದಲ್ಲಿ ಇದನ್ನ ಮೀರಿಸೋದು ಇಲ್ಲ, ಸೀಳು ಒಂದೇ ಅಳತೆ, ಒಂದೇ ಸಾಲು. ಆದ್ರೆ ಕಿಟ್‌ನ ಪಕ್ಕವನ್ನ ಉದ್ದಕ್ಕೂ ಕತ್ತರಿಸಿ ತೆಗೀಬೇಕು, ತಗಡನ್ನ ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ ಹಲ್‌ನ ತಿರುವಿಗೆ ಬಗ್ಗಿಸ್ಬೇಕು, ಸೂಪರ್ ಗ್ಲೂನಲ್ಲಿ ಕೂರಿಸ್ಬೇಕು. ನಂದು ಮೂತಿ ಹತ್ರ ಕೂದಲೆಳೆಯಷ್ಟು ಎದ್ದು ನಿಂತಿತು, ಪ್ರೈಮರ್ ಬಿದ್ದ ಮೇಲೇ ಗೊತ್ತಾಗಿದ್ದು. ಹಿತ್ತಾಳೆ ಪ್ಲಾಸ್ಟಿಕ್ ಎರಡೂ ಕೂಡೋ ಕಡೆ ಸ್ಯಾಂಡ್ ಮಾಡಿದ್ರೆ ಪ್ಲಾಸ್ಟಿಕ್ ಬೇಗ ಸವೆಯತ್ತೆ, ತಗಡು ಸವೆಯಲ್ಲ.

1/144ಗೆ ನನ್ನ ಓಟು ಒಳಗಿಂದ ಕೆರೆಯೋದಕ್ಕೇ. ಯಾವ ದಾರಿ ಹಿಡಿದ್ರೂ ಒಳಗೆ ಕಪ್ಪು ಬಳಿದು, ಉದ್ದಕ್ಕೂ ಒಂದು ಕಪ್ಪು ಪೈಪು ಇಡಿ, ಅದೇ ಪ್ರೆಷರ್ ಹಲ್. ಇಲ್ಲಾಂದ್ರೆ ಈ ಕಡೆ ಸೀಳಿಂದ ಆ ಕಡೆ ಬೆಳಕು ಕಂಡು ಮಾಡಿದ್ದೆಲ್ಲಾ ನೀರಲ್ಲಿ ಹೋಮ.

ಸೀಳಿನ ವಿನ್ಯಾಸ ಬೋಟ್ ಕಟ್ಟಿದ ಹಡಗು ಕಾರ್ಖಾನೆಗೆ ತಕ್ಕ ಹಾಗೆ ಬದಲಾಗತ್ತೆ, ನೀವು ಮಾಡ್ತಿರೋ ಬೋಟಿನ ಫೋಟೋ ನೋಡೇ ಬ್ಲೇಡ್ ಹಿಡೀರಿ. ಜರ್ಮನಿಯ ಲಾಬೋದಲ್ಲಿ ದಡದ ಮೇಲೆ ಇಟ್ಟಿರೋ ಯು-995 ಅನ್ನೋ ಸಬ್‌ಮರೀನ್ ಫೋಟೋ ಸುಲಭವಾಗಿ ಸಿಗತ್ತೆ, ಆದ್ರೆ ಅದು 7ಸಿ/41 ಅನ್ನೋ ಆಮೇಲಿನ ಮಾದರಿ, ಜೊತೆಗೆ ನೋಡೋಕೆ ಬರೋ ಜನಕ್ಕೆ ಅಂತ ಹಲ್‌ನ ಪಕ್ಕದಲ್ಲಿ ಬಾಗಿಲು ಕೊರೆದಿದಾರೆ, ಅದನ್ನ ನೋಡಿ ಮಾಡೋಕೆ ಹೋಗ್ಬೇಡಿ.

ಹಲ್‌ನ ಉದ್ದನೆ ಜೋಡಣೆ ಗೆರೆಗೆ ಟ್ಯೂಬ್ ಪುಟ್ಟಿ ಹಾಕಿದ್ರೆ ಒಣಗ್ತಾ ಕುಗ್ಗಿ ಗೆರೆ ಮತ್ತೆ ಕಾಣಿಸ್ಕೊಳ್ಳತ್ತೆ, ಸೂಪರ್ ಗ್ಲೂ ಕುಗ್ಗಲ್ಲ ಆದ್ರೆ ಹಾಕಿದ ದಿನಾನೇ ಉಜ್ಜಿ, ರಾತ್ರಿ ಕಳೆದ್ರೆ ಪ್ಲಾಸ್ಟಿಕ್ಕಿಗಿಂತ ಗಟ್ಟಿ ಆಗಿಬಿಡತ್ತೆ. ಮೂತಿಯಿಂದ ಟವರಿಗೆ ಹೋಗೋ ತಂತಿಗೆ ಸ್ಪ್ರೂ (ಕಿಟ್‌ನ ಭಾಗಗಳು ಅಂಟ್ಕೊಂಡು ಬರೋ ಪ್ಲಾಸ್ಟಿಕ್ ಕಡ್ಡಿ) ಕಾಯಿಸಿ ಎಳೆದ ಎಳೆ ನೋಡೋಕೆ ಚೆಂದ, ಆದ್ರೆ ಕೈ ತಾಗಿದ್ರೆ ಪಟ್ ಅಂತ ಹೋಗತ್ತೆ, ಎಲಾಸ್ಟಿಕ್ ದಾರ ಬಗ್ಗಿ ವಾಪಸ್ ಬರತ್ತೆ, ಹಾಗಾಗಿ ಅದೇ ಸಾಕು.

ಈಗ 1/72 ಶುರು ಮಾಡಿದೀನಿ. 67.1 ಮೀಟರ್ ಬೋಟು ಈ ಸ್ಕೇಲಲ್ಲಿ 93 ಸೆಂ.ಮೀ. ಬರತ್ತೆ. ಇದ್ರಲ್ಲಿ ಸೀಳು ದೊಡ್ಡದು, ಬಿಟ್ ಆರಾಮಾಗಿ ಹಿಡಿಯತ್ತೆ, ಹಾಗಾಗಿ ಡ್ರಿಲ್ ಮಾಡಿ ಒಳಗಿನ ಅಂಚನ್ನ ಮಾತ್ರ ಓರೆಯಾಗಿ ಹೆರೆದು ತೆಳು ಮಾಡ್ತಿದೀನಿ, ಎಡಗಡೆ ಅರ್ಧ ಆಗಿದೆ.