ಕಾರಿನ ಆಯಿಲ್ ಚೇಂಜ್: ಸರ್ವಿಸ್ ಸೆಂಟರ್, ಪೇಟೆಯ ಗ್ಯಾರೇಜ್, ನಮ್ಮನೆ ಕೊಟ್ಟಿಗೆ

ನಮ್ಮ ಮನೆ ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ. ಗಾಡಿ ಹಳೆಯ ವ್ಯಾಗನ್ ಆರ್, ಪೆಟ್ರೋಲ್. ವಾರಕ್ಕೆ ಎರಡು ಮೂರು ಸಲ ಪೇಟೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟೆಯ ಅಕ್ಕನ ಮನೆಗೆ ಹೋಗುತ್ತದೆ. ವರ್ಷಕ್ಕೆ 8,000 ಕಿಲೋಮೀಟರ್ ದಾಟುವುದಿಲ್ಲ. ಈ ಒಂದೇ ಗಾಡಿಗೆ ಮೂರು ವರ್ಷದಲ್ಲಿ ಮೂರು ರೀತಿಯಲ್ಲಿ ಆಯಿಲ್ ಬದಲಿಸಿ ನೋಡಿದ್ದೇನೆ. ಒಮ್ಮೆ ಕಂಪನಿ ಸರ್ವಿಸ್ ಸೆಂಟರ್, ಒಮ್ಮೆ ಪೇಟೆಯ ಗ್ಯಾರೇಜ್, ಕೊನೆಗೆ ಮನೆಯಲ್ಲೇ. ಮನೆಯಲ್ಲಿ ಮಾಡಿದರೆ ದುಡ್ಡು ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಉಳಿಯುತ್ತದೆ, ನಿಜ. ಆದರೆ ನಾನು ಅಂದುಕೊಂಡ ಜಾಗದಲ್ಲಿ ಉಳಿಯಲಿಲ್ಲ. ಅದಕ್ಕೇ ಲೆಕ್ಕ ಬಿಡಿಸಿ ಬರೆಯುತ್ತಿದ್ದೇನೆ.

ಸರ್ವಿಸ್ ಸೆಂಟರಿನ ಬಿಲ್ 5,240 ರೂಪಾಯಿ ಬಂದಿತ್ತು. ಮನೆಗೆ ಬಂದು ಸಾಲುಸಾಲಾಗಿ ಓದಿದೆ. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡ್ರೈನ್ ಪ್ಲಗ್ಗಿನ (ಹಳೆ ಆಯಿಲ್ ಇಳಿಸುವ ಬೋಲ್ಟ್) ವಾಷರ್ ಸೇರಿ 1,690. ಲೇಬರ್ 1,900. ಉಳಿದ 1,650 ರೂಪಾಯಿ ಏರ್ ಫಿಲ್ಟರ್, ಇಂಜಿನ್ ಫ್ಲಶ್ (ಇಂಜಿನ್ನಿನ ಒಳಭಾಗ ತೊಳೆಯುವುದು), ಎ.ಸಿ. ಕ್ಲೀನಿಂಗ್, ಪಾಲಿಶ್ ಇಂಥವಕ್ಕೆ. ಕೌಂಟರಿನಲ್ಲಿ ಒಂದೊಂದಾಗಿ ಕೇಳುತ್ತಾ ಹೋದರು, ನಾನು ಹೂಂ ಎನ್ನುತ್ತಾ ಹೋದೆ. ಫ್ಲಶ್ ಯಾಕೆ ಬೇಕು ಎಂದು ಕೇಳಲೇ ಇಲ್ಲ. ಆಮೇಲೆ ಗಾಡಿಯ ಪುಸ್ತಕ ತೆಗೆದು ಸರ್ವಿಸ್ ಪಟ್ಟಿ ನೋಡಿದರೆ ಫ್ಲಶ್ ಅನ್ನುವ ಕೆಲಸವೇ ಅದರಲ್ಲಿ ಇರಲಿಲ್ಲ. ಇದು ನನಗೆ ತುಂಬಾ ಬೇಜಾರಾದ ವಿಷಯ.

ಆದರೆ ಒಂದು ಮಾತು ಹೇಳಲೇಬೇಕು. ಈ 5,240ನ್ನು ಮನೆಯ ಆಯಿಲ್ ಚೇಂಜಿನ ಖರ್ಚಿನ ಪಕ್ಕ ಇಟ್ಟು ನೋಡುವುದು ಸರಿಯಲ್ಲ. ಅಲ್ಲಿ ಬ್ರೇಕ್ ಬಿಚ್ಚಿ ಸ್ವಚ್ಛ ಮಾಡಿದ್ದಾರೆ, ಗಾಡಿ ಎತ್ತಿ ಅಡಿಭಾಗ ನೋಡಿದ್ದಾರೆ, ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ನೋಡಿದ್ದಾರೆ. ಆಯಿಲ್ ಕೆಲಸವನ್ನು ಆಯಿಲ್ ಕೆಲಸದ ಜೊತೆಗೇ ಹೋಲಿಸಬೇಕು ಅಲ್ವಾ? ಹಾಗಾಗಿ ಈ ವರ್ಷ ಮತ್ತೆ ಹೋಗಿ ಬರೀ ಆಯಿಲ್ ಮತ್ತು ಫಿಲ್ಟರ್ ಬದಲಿಸಲು ಎಷ್ಟು ಎಂದು ವಿಚಾರಿಸಿದೆ. ಲೇಬರ್ 450 ಅಂದರು. ಸಾಮಾನಿನ 1,690 ಸೇರಿಸಿದರೆ 2,140. ಅಂದರೆ 3,100 ರೂಪಾಯಿಯ ಅಂತರ ಸರ್ವಿಸ್ ಸೆಂಟರಿನ ಒಳಗೇ ಇತ್ತು. ಆ ವರ್ಷ ನಾನು ಏನು ಬೇಕು, ಏನು ಬೇಡ ಎಂದು ಬಾಯಿಬಿಟ್ಟು ಹೇಳಿದ್ದರೆ ಒಂದು ಪಾನವನ್ನೂ (ಸ್ಪ್ಯಾನರ್) ಮುಟ್ಟದೆ ದೊಡ್ಡ ಮೊತ್ತ ಉಳಿಯುತ್ತಿತ್ತು.

ವಾರಂಟಿ ಇರುವ ಹೊಸ ಗಾಡಿಯಾದರೆ ನನ್ನ ಸಲಹೆ ಸರ್ವಿಸ್ ಸೆಂಟರೇ. ಮೊದಲ ಫ್ರೀ ಸರ್ವಿಸ್‌ಗಳಲ್ಲಿ ಲೇಬರ್ ಕೊಡಬೇಕಾಗಿಲ್ಲ, ಸಾಮಾನಿನ ದುಡ್ಡು ಮಾತ್ರ. ದಾಖಲೆಯೂ ಸರಿಯಾಗಿ ಉಳಿಯುತ್ತದೆ. ಸುಮ್ನೆ ಕೆಲವು ನೂರು ರೂಪಾಯಿಗಾಗಿ ಇಂಜಿನ್ ವಾರಂಟಿಯ ಜಗಳ ಮೈಮೇಲೆ ಹಾಕಿಕೊಳ್ಳಬೇಡಿ.

ಎರಡನೇ ವರ್ಷ ಆಯಿಲ್ ನಾನೇ ಕೊಂಡು ಗ್ಯಾರೇಜಿಗೆ ಹೋದೆ. 3 ಲೀಟರ್ ಕ್ಯಾನ್ 1,320, ಫಿಲ್ಟರ್ 110, ವಾಷರ್ 15. ಸಾಮಾನು ಒಟ್ಟು 1,445. ಮೆಕ್ಯಾನಿಕ್ ತೆಗೆದುಕೊಂಡದ್ದು 250. ಎಲ್ಲ ಸೇರಿ 1,695. ಅರ್ಧ ಗಂಟೆಯಲ್ಲಿ ಮುಗಿಯಿತು, ನಾನು ಪಕ್ಕದಲ್ಲೇ ನಿಂತಿದ್ದೆ. ನಿಲ್ಲುವುದು ಮುಖ್ಯ. ಹಳೆ ಆಯಿಲ್ ಪೂರ್ತಿ ಇಳಿಯುವವರೆಗೆ ಕಾಯುತ್ತಾರಾ, ವಾಷರ್ ಹೊಸದು ಹಾಕುತ್ತಾರಾ, ನಾವು ತಂದ ಆಯಿಲ್ಲೇ ಹೋಗುತ್ತದಾ ಎಲ್ಲ ಕಣ್ಣಾರೆ ಕಾಣುತ್ತದೆ.

ಅವರು ಒಂದು ಸಲಹೆ ಕೊಟ್ಟರು. "ಹಳೆ ಗಾಡಿ, ಘಟ್ಟ ಹತ್ತುವ ಗಾಡಿ. 20ಡಬ್ಲ್ಯೂ-50 ಹಾಕ್ರಿ, ದಪ್ಪ ಇರ್ತದೆ, ರೇಟೂ ಕಡಿಮೆ" ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ನಾನು ಒಪ್ಪಲಿಲ್ಲ. ಡಬ್ಲ್ಯೂ ಅಂದರೆ ವಿಂಟರ್. ಅದಕ್ಕಿಂತ ಮೊದಲು ಬರುವ ಸಂಖ್ಯೆ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುತ್ತದೆ. ಆಮೇಲೆ ಬರುವ ಸಂಖ್ಯೆ ಇಂಜಿನ್ ಕಾದಾಗ ಎಷ್ಟು ದಪ್ಪ ಇರುತ್ತದೆ ಎಂದು ಹೇಳುತ್ತದೆ. ನಮ್ಮ ಪುಸ್ತಕದಲ್ಲಿ ಇರುವುದು 5ಡಬ್ಲ್ಯೂ-30. ಶಿರಸಿಯಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಸರಿ. ಆದರೂ ಬೆಳಗ್ಗೆ ತಣ್ಣಗಿನ ಇಂಜಿನ್ ಶುರು ಮಾಡಿದ ಕೂಡಲೇ ಆಯಿಲ್ ಮೇಲಿನವರೆಗೆ ಬೇಗ ತಲುಪಬೇಕು. ಇಂಜಿನ್ ಸವೆಯುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಬೆಲೆ ಕಡಿಮೆ ಎಂದು ಗ್ರೇಡ್ ಬದಲಿಸಿದರೆ ಅದು ಉಳಿತಾಯ ಆಗುವುದಿಲ್ಲ. ಹಾಗೆಯೇ ಪುಸ್ತಕ ಕೇಳದ ದುಬಾರಿ ಫುಲ್ ಸಿಂಥೆಟಿಕ್ ಕೂಡ ನನಗೆ ಬೇಕಾಗಲಿಲ್ಲ. ನಾನು ಹೇಗೂ ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಬಿಎಸ್ 6 ಡೀಸೆಲ್ ಗಾಡಿಯವರು ಮಾತ್ರ ಇಲ್ಲಿ ಇನ್ನೂ ಜಾಗ್ರತೆ ಮಾಡಬೇಕು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಅದಕ್ಕೆ ಬೂದಿ ಕಡಿಮೆ ಬಿಡುವ ಬೇರೆ ಆಯಿಲ್ಲೇ ಆಗಬೇಕು.

ಇನ್ನು ಕಿಲೋಮೀಟರ್ ಆಗಿಲ್ಲ ಎಂದು ಮುಂದೂಡುವ ಉಳಿತಾಯ. ಪುಸ್ತಕದಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿದೆ. ನಮ್ಮ ಕಡೆ ಈ ಒಂದು ವರ್ಷ ಅನ್ನುವುದು ಬಹಳ ಮುಖ್ಯ. ಮಳೆಗಾಲದಲ್ಲಿ ಗಾಡಿ ಡೈರಿಗೆ, ಅಂಗಡಿಗೆ ಅಂತ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುತ್ತದೆ. ಇಂಜಿನ್ ಪೂರ್ತಿ ಕಾಯುವುದೇ ಇಲ್ಲ. ಒಳಗಿನ ತೇವ ಆವಿಯಾಗಿ ಹೋಗದೆ ಆಯಿಲ್ ಜೊತೆ ಸೇರುತ್ತದೆ. ಆಗಸ್ಟಿನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಒಳಬದಿಯಲ್ಲಿ ಹಾಲು ಜಾಸ್ತಿಯಾದ ಚಾದ ಬಣ್ಣದ ಪದರ ಕಾಣಬಹುದು. ಒಂದು ಉದ್ದ ಪ್ರಯಾಣ ಮಾಡಿದರೆ ಹೋಗುತ್ತದೆ. ಹೋಗದಿದ್ದರೆ, ಕೂಲೆಂಟೂ ಕಡಿಮೆಯಾಗುತ್ತಿದ್ದರೆ ತಡ ಮಾಡದೆ ಮೆಕ್ಯಾನಿಕ್‌ಗೆ ತೋರಿಸಿ.

ಮೂರನೇ ವರ್ಷ ಮನೆಯಲ್ಲಿ. ನವೆಂಬರ್ ಮೊದಲ ವಾರ ಆರಿಸಿಕೊಂಡೆ. ಮಳೆ ನಿಂತು ನೆಲ ಗಟ್ಟಿಯಾಗಿರುತ್ತದೆ, ಅಡಿಕೆ ಕೊನೆಕೊಯ್ಲು ಶುರುವಾಗಿರುವುದಿಲ್ಲ. ಮಳೆಗಾಲದಲ್ಲಿ ನಮ್ಮ ಮಣ್ಣಿನ ಮೇಲೆ ಜಾಕ್ ಇಟ್ಟರೆ ಅದು ಹೂತು ವಾಲುತ್ತದೆ. ಗಾಡಿಯ ಜೊತೆ ಬರುವ ಜಾಕ್ ಟೈರ್ ಬದಲಿಸಲು ಮಾತ್ರ. ಅದನ್ನು ನಂಬಿ ಗಾಡಿಯ ಅಡಿಗೆ ಮೈ ಹಾಕಲೇಬಾರದು. ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ನಮ್ಮ ಊರಲ್ಲಿ ಎಲ್ಲರ ಮನೆ ಹಿಂದೆಯೂ ಚಿರೆಕಲ್ಲು ಇರುತ್ತದೆ, ಎರಡು ಕಲ್ಲು ಅಡಿಗೆ ಕೊಟ್ಟರಾಯಿತು ಎಂದು ಅನ್ನಿಸುತ್ತದೆ. ದಯವಿಟ್ಟು ಬೇಡ. ಗೋಡೆಯಲ್ಲಿ ಗಟ್ಟಿ ನಿಲ್ಲುವ ಕಲ್ಲು ಒಂದೇ ಜಾಗದಲ್ಲಿ ಭಾರ ಬಿದ್ದರೆ ಎಚ್ಚರಿಕೆ ಕೊಡದೆ ಒಡೆಯುತ್ತದೆ. ಕಲ್ಲನ್ನು ನಾನು ಹಿಂದಿನ ಚಕ್ರಕ್ಕೆ ಅಡ್ಡ ಇಡಲು ಮಾತ್ರ ಬಳಸುತ್ತೇನೆ.

ಜಾಗ ಎಲ್ಲಿ ಅನ್ನುವುದೂ ದೊಡ್ಡ ಪ್ರಶ್ನೆ. ಸಮತಟ್ಟಾದ ನೆಲ ಅಂದರೆ ಅಂಗಳ. ಆದರೆ ಕೊಯ್ಲಾದ ಮೇಲೆ ಅಡಿಕೆ ಒಣಗಿಸುವುದು ಅಲ್ಲೇ. "ಅಂಗಳಕ್ಕೆ ಒಂದು ಹನೀನೂ ಬೀಳ್ಲಾಗ ತಮಾ" ಎಂದು ಅಪ್ಪ ಮೊದಲೇ ಹೇಳಿದ್ದರು. ಅವರ ಮಾತು ಸರಿ. ಆಯಿಲ್ ಕುಡಿದ ನೆಲದ ಮೇಲೆ ಅಡಿಕೆ ಹರಡುವುದು ಹೇಗೆ? ಹಾಗಾಗಿ ಕೊಟ್ಟಿಗೆ ಪಕ್ಕದ ಸಿಮೆಂಟ್ ಕಟ್ಟೆಯೇ ನನ್ನ ವರ್ಕ್‌ಶಾಪ್. ಕೆಳಗೆ ದಪ್ಪ ಪ್ಲಾಸ್ಟಿಕ್, ಅದರ ಮೇಲೆ ಹಳೆ ಗೋಣಿಚೀಲ, ಪಕ್ಕದಲ್ಲಿ ಒಂದು ಬುಟ್ಟಿ ಮರದ ಹೊಟ್ಟು. ಹನಿ ಬಿದ್ದರೆ ಹೊಟ್ಟು ಹೀರಿಕೊಳ್ಳುತ್ತದೆ.

ಕೆಲಸ ಕಷ್ಟದ್ದಲ್ಲ. ಇಂಜಿನ್ ಐದು ನಿಮಿಷ ಓಡಿಸಿ, ಆಯಿಲ್ ಉಗುರುಬೆಚ್ಚಗಾದ ಮೇಲೆ ಆಫ್ ಮಾಡಿ, ಚೇಂಬರ್ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಅಡಿಯ ಬೋಲ್ಟ್ ಬಿಚ್ಚಬೇಕು. ಕಾದ ಇಂಜಿನ್ನಿನದು ಬಿಚ್ಚಿದರೆ ಕೈ ಸುಡುತ್ತದೆ. ನನಗೆ ಕಷ್ಟವಾದದ್ದು ಆ ಬೋಲ್ಟೇ. ಹಿಂದೆ ಯಾವುದೋ ಸರ್ವಿಸ್‌ನಲ್ಲಿ ಬಿಗಿದವರು ಎಷ್ಟು ಬಿಗಿದಿದ್ದರೆಂದರೆ ಸಣ್ಣ ಪಾನಕ್ಕೆ ಅಲುಗಲೇ ಇಲ್ಲ. ಉದ್ದ ಹಿಡಿಯ ಸಾಕೆಟ್ ತಂದ ಮೇಲೆ ಬಂತು. ವಾಪಸ್ ಹಾಕುವಾಗ ಮೊದಲು ಬೆರಳಿನಲ್ಲೇ ತಿರುಗಿಸಿ. ಸಲೀಸಾಗಿ ಹೋದರೆ ಮಾತ್ರ ಪಾನ. ಓರೆಯಾಗಿ ಕೂತು ಥ್ರೆಡ್ ಹೋದರೆ ಹತ್ತು ವರ್ಷದ ಉಳಿತಾಯ ಒಂದೇ ದಿನ ಹೋಗುತ್ತದೆ.

ಫಿಲ್ಟರ್‌ನಲ್ಲಿ ನಾನೊಂದು ತಪ್ಪು ಮಾಡಿದೆ. ಹಳೆ ಫಿಲ್ಟರ್ ಬಿಚ್ಚಿ ತೆಗೆದಾಗ ಅದರ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ನಾನು ನೋಡಲಿಲ್ಲ. ಹೊಸ ಫಿಲ್ಟರನ್ನು ಅದರ ಮೇಲೇ ಕೂರಿಸಿದೆ. ಇಂಜಿನ್ ಶುರು ಮಾಡಿ ಬಗ್ಗಿ ನೋಡಿದರೆ ಆಯಿಲ್ ಧಾರೆಯಾಗಿ ಇಳಿಯುತ್ತಿತ್ತು. ಕೂಡಲೇ ಆಫ್ ಮಾಡಿದೆ. ನೋಡದೆ ಹಾಗೇ ರಸ್ತೆಗೆ ಹೋಗಿದ್ದರೆ ಇಂಜಿನ್ ಜಾಮ್ ಆಗುತ್ತಿತ್ತು. ಸುಮಾರು ಅರ್ಧ ಲೀಟರ್ ಹೊಸ ಆಯಿಲ್ ಹೋಯಿತು, ಬಿಡಿ ಬಾಟಲಿಗೆ ಮತ್ತೆ ಪೇಟೆಗೆ ಹೋಗಬೇಕಾಯಿತು. ಅವತ್ತಿನಿಂದ ಹಳೆ ಫಿಲ್ಟರ್ ಕೈಗೆ ಬಂದ ತಕ್ಷಣ ರಿಂಗ್ ಇದೆಯಾ ಎಂದು ಮುಟ್ಟಿ ನೋಡುತ್ತೇನೆ. ಹೊಸ ರಿಂಗಿಗೆ ಬೆರಳಲ್ಲಿ ಸ್ವಲ್ಪ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿ ಮಾಡುತ್ತೇನೆ. ಆಯಿಲನ್ನೂ ಒಮ್ಮೆಲೇ ಪೂರ್ತಿ ಕ್ಯಾನ್ ಸುರಿಯುವುದಿಲ್ಲ. ಸ್ವಲ್ಪ ಉಳಿಸಿಕೊಂಡು, ಇಂಜಿನ್ ಎರಡು ನಿಮಿಷ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್ ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿ ಉಳಿದದ್ದು ಹಾಕುತ್ತೇನೆ. ಜಾಸ್ತಿಯಾದರೂ ಇಂಜಿನ್ನಿಗೆ ಒಳ್ಳೆಯದಲ್ಲ.

ಈಗ ದುಡ್ಡಿನ ಮಾತು. ಮನೆಯಲ್ಲಿ ಸಾಮಾನಿನ ಖರ್ಚು ಅದೇ 1,445. ಗ್ಯಾರೇಜಿಗಿಂತ 250 ಕಡಿಮೆ, ಸರ್ವಿಸ್ ಸೆಂಟರಿನ ಬರೀ ಆಯಿಲ್ ಕೆಲಸಕ್ಕಿಂತ 695 ಕಡಿಮೆ. ಆದರೆ ಸಲಕರಣೆಗೆ ಕೊಟ್ಟದ್ದು 2,600: ಜಾಕ್ ಸ್ಟ್ಯಾಂಡ್ ಜೋಡಿ 1,650, ಸಾಕೆಟ್ ಮತ್ತು ಹಿಡಿ 520, ಫಿಲ್ಟರ್ ಬಿಚ್ಚುವ ಪಟ್ಟಿ 280, ಅಗಲದ ಟ್ರೇ 150. ಸರ್ವಿಸ್ ಸೆಂಟರಿಗೆ ಹೋಲಿಸಿದರೆ ನಾಲ್ಕನೇ ಸಲಕ್ಕೆ ಇದು ವಸೂಲಾಗುತ್ತದೆ. ಗ್ಯಾರೇಜಿಗೆ ಹೋಲಿಸಿದರೆ ಹನ್ನೊಂದನೇ ಸಲ ಬೇಕು. ವರ್ಷಕ್ಕೊಂದು ಸಲ ಮಾಡುವವನಿಗೆ ಅದು ಹನ್ನೊಂದು ವರ್ಷ. ನಮ್ಮದು ಒಂದೇ ಕಾರಾಗಿದ್ದರೆ ಮನೆಯಲ್ಲಿ ಮಾಡುವುದು ಲಾಭ ಎಂದು ನಾನು ಹೇಳುತ್ತಿರಲಿಲ್ಲ. ಚಿಕ್ಕಪ್ಪನ ಆಲ್ಟೋ ಕೂಡ ಈಗ ನನ್ನ ಕೈಗೇ ಬರುತ್ತದೆ. ಹಾಗಾಗಿ ಅರ್ಧ ಕಾಲದಲ್ಲಿ ವಸೂಲಿ.

ಸಮಯದ ಲೆಕ್ಕದಲ್ಲಿ ಸರ್ವಿಸ್ ಸೆಂಟರಿಗಿಂತ ಮನೆ ಗೆದ್ದಿತು. ಸರ್ವಿಸ್ ಸೆಂಟರಿಗೆ ಗಾಡಿ ಬಿಟ್ಟರೆ ನನಗೆ ಒಂದು ದಿನ ಹೋಗುತ್ತದೆ. ಮನೆಯಲ್ಲಿ ಮೊದಲ ಸಲ ಮೂರು ಗಂಟೆ ಹಿಡಿಯಿತು, ಈಗ ಒಂದು ಗಂಟೆ.

ಕುಮಟೆಯ ಭಾವ ಇನ್ನೊಂದು ದಾರಿ ತೋರಿಸಿದರು. ಅವರ ಸ್ನೇಹಿತರದು ತದಡಿಯಲ್ಲಿ ಬೋಟು. ಬೋಟಿನ ಇಂಜಿನ್ ಅಡಿಗೆ ಕೈ ಹಾಕಲು ಜಾಗ ಇರುವುದಿಲ್ಲ. ಅವರು ಡಿಪ್ ಸ್ಟಿಕ್ ತೂತಿನಿಂದ ಕೈಪಂಪಿನಲ್ಲಿ ಹಳೆ ಆಯಿಲ್ ಎಳೆದು ತೆಗೆಯುತ್ತಾರೆ. ಆ ಪಂಪ್ ತಂದು ಭಾವನ ಕಾರಿಗೆ ಮಾಡಿ ನೋಡಿದೆವು. ಆಯಿಲ್ ತೆಗೆಯಲು ಗಾಡಿ ಎತ್ತುವ ಅಪಾಯವೇ ಇಲ್ಲ, ಅದು ದೊಡ್ಡ ಅನುಕೂಲ. ಸಮುದ್ರದ ಗಾಳಿಗೆ ಅವರ ಕಾರಿನ ಬೋಲ್ಟ್ ಪೂರ್ತಿ ತುಕ್ಕು ಹಿಡಿದಿತ್ತು, ಅದನ್ನು ಮುಟ್ಟದೆ ಕೆಲಸ ಆಯಿತು. ಆದರೆ ಚೇಂಬರ್ ತಳದ ಮಡ್ಡಿ ಪೂರ್ತಿ ಬರುವುದಿಲ್ಲ. ಫಿಲ್ಟರ್ ಬದಲಿಸಲು ಹೇಗೂ ಕೆಳಗಿನಿಂದಲೇ ಕೈ ಹಾಕಬೇಕಾಯಿತು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಈ ಇಡೀ ಹೋಲಿಕೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಹಳೆ ಆಯಿಲ್ ಬಗ್ಗೆ. ಸರ್ವಿಸ್ ಸೆಂಟರ್, ಗ್ಯಾರೇಜ್ ಎರಡೂ ಕಡೆ ಅದನ್ನು ಬ್ಯಾರೆಲ್‌ಗೆ ಸುರಿಯುತ್ತಾರೆ. ಮನೆಯಲ್ಲಿ ಅದು ನಮ್ಮ ತಲೆಯ ಮೇಲೆ. ನಮ್ಮ ಕಡೆ ಸುಟ್ಟ ಆಯಿಲನ್ನು ಬೇಲಿ ಕಂಬಕ್ಕೆ ಬಳಿಯುವುದು ಮೊದಲಿನಿಂದ ಇದೆ, ಒರಲೆ (ಗೆದ್ದಲು) ಹಿಡಿಯಬಾರದು ಅಂತ. ಅದರಲ್ಲಿ ಇಂಜಿನ್ನಿನ ಸವೆದ ಲೋಹದ ಪುಡಿ, ಸುಟ್ಟ ಮಸಿ ಎಲ್ಲ ಇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. ನಮ್ಮ ಮನೆಗಳು ಮೇಲೆ, ತೋಟ ಕೆಳಗೆ. ಮನೆ ಹಿತ್ತಲಲ್ಲಿ ಚೆಲ್ಲಿದ್ದು ಮೊದಲ ಮಳೆಗೆ ತೋಟದ ಕಾಲುವೆಗೆ ಇಳಿಯುತ್ತದೆ. ಅಲ್ಲಿಂದ ಕೆಳಗಿನ ಮನೆಯವರ ಬಾವಿ ಎಷ್ಟು ದೂರ? ನಾನು ಖಾಲಿ ಕ್ಯಾನಿಗೇ ತುಂಬಿ, ಬಿಗಿ ಮುಚ್ಚಿ, ಅದೇ ಗ್ಯಾರೇಜಿನ ಬ್ಯಾರೆಲ್‌ಗೆ ಕೊಟ್ಟು ಬರುತ್ತೇನೆ. ಅವರಲ್ಲಿಂದ ಮರುಬಳಕೆಗೆ ಒಯ್ಯುವವರು ಬರುತ್ತಾರೆ. ಉಳಿದ ಖಾಲಿ ಕ್ಯಾನುಗಳಿಗೆ ತೂತು ಹಾಕಿಯೇ ಗುಜರಿಗೆ ಕೊಡುತ್ತೇನೆ. ಚೆನ್ನಾಗಿರುವ ಕ್ಯಾನಿನಲ್ಲಿ ಕಳಪೆ ಆಯಿಲ್ ತುಂಬಿ ಮಾರುವವರು ಇದ್ದಾರೆ. ಕೊಳ್ಳುವಾಗಲೂ ಸೀಲ್ ನೋಡಿ, ಬಿಲ್ ಕೇಳಿ.

ಪರಿಚಯದವರು ಕೇಳಿದರೆ ನಾನು ಹೇಳುವುದು ಎರಡನೇ ದಾರಿ. ಆಯಿಲ್ ನಿಮ್ಮದು, ಕೈ ಗ್ಯಾರೇಜಿನವರದು, ಕಣ್ಣು ನಿಮ್ಮದು. ಮನೆಯಲ್ಲಿ ಎರಡು ಗಾಡಿ ಇದ್ದು, ಗಟ್ಟಿ ನೆಲ ಇದ್ದು, ಹಳೆ ಆಯಿಲ್ ಒಯ್ದು ಕೊಡುವ ಮನಸ್ಸಿದ್ದರೆ ಮಾತ್ರ ಮೂರನೆಯದು. ಮನೆಯಲ್ಲಿ ಮಾಡುವವರು ಒಂದು ವಿಷಯದಲ್ಲಿ ಕೈ ಬಿಗಿ ಮಾಡಬಾರದು. ಸರ್ವಿಸ್ ಸೆಂಟರಿಗೆ ಹೋಗುವುದು ನಿಂತರೆ ಬ್ರೇಕ್ ನೋಡುವವರೂ ಇರುವುದಿಲ್ಲ. ಘಟ್ಟ ಇಳಿಯುವ ಗಾಡಿಗೆ ಅದು ಆಗಬಾರದು. ಆಯಿಲಿನಲ್ಲಿ ಉಳಿದ ದುಡ್ಡಿನಲ್ಲಿ ವರ್ಷಕ್ಕೊಮ್ಮೆ ಬ್ರೇಕ್ ಬಿಚ್ಚಿಸಿ ತೋರಿಸುತ್ತೇನೆ.

ಈ ಸಲದ ಹಳೆ ಆಯಿಲ್ ಕ್ಯಾನ್ ಇನ್ನೂ ಕೊಟ್ಟಿಗೆಯ ಮೂಲೆಯಲ್ಲಿದೆ. ಶನಿವಾರ ಪೇಟೆಗೆ ಹೋಗುವಾಗ ಅದನ್ನು ಗ್ಯಾರೇಜಿಗೆ ಕೊಟ್ಟು, ಹಾಗೇ ಬ್ರೇಕ್ ಪ್ಯಾಡ್ ತೋರಿಸಿಕೊಂಡು ಬರಬೇಕು. ಭಾನುವಾರ ಕುಮಟೆಗೆ ಹೋಗುವುದಿದೆ.